2016ರ ಕಾವೇರಿ ಪೋಸ್ಟ್ ಈಗ ಕೆಲಸಕ್ಕೆ ಅಡ್ಡ ಬಂದಿದೆ, ಡಿಲೀಟ್ ಮಾಡಿದರೆ ಸಾಕಾ?

ಮದ್ದೂರು_ವಡೆ:
ನಮ್ಮದು ಮದ್ದೂರು ಕಡೆ ಹಳ್ಳಿ. 2016ರ ಸೆಪ್ಟೆಂಬರ್‌ನಲ್ಲಿ ನಾನು ಡಿಪ್ಲೊಮಾ ಓದುತ್ತಿದ್ದೆ. ಕನ್ನಂಬಾಡಿ ಕಟ್ಟೆಯಲ್ಲೇ ನೀರು ಕಡಿಮೆ, ನಮ್ಮ ಗದ್ದೆ ಬಾಯಿ ಬಿಟ್ಟಿತ್ತು, ಅಂಥದ್ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 10 ದಿನ, ದಿನಕ್ಕೆ 15 ಸಾವಿರ ಕ್ಯೂಸೆಕ್ ಬಿಡಿ ಅಂತು. ಹೊಟ್ಟೆ ಉರಿದು ಫೇಸ್‌ಬುಕ್‌ನಲ್ಲಿ ತಮಿಳರನ್ನು ಬಾಯಿಗೆ ಬಂದ ಹಾಗೆ ಬೈದು ಬರೆದೆ. ಲೈಕ್ ಮೇಲೆ ಲೈಕ್. ಆಮೇಲೆ ಮರೆತೇ ಹೋಯಿತು.

ಹೋದ ವಾರ ಮೈಸೂರಿನಲ್ಲಿ ಹೆಬ್ಬಾಳ ಕಡೆ ಒಂದು ಕಂಪನಿಯಲ್ಲಿ ಮೂರು ರೌಂಡ್ ಮುಗಿದು ಸಂಬಳದ ಮಾತೂ ಆಗಿತ್ತು. ಎಚ್‌ಆರ್ ಮೇಡಂ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ "ಇದು ನೀವೇನಾ?" ಅಂದರು. ಅದೇ ಪೋಸ್ಟ್, ಪಕ್ಕದಲ್ಲಿ ಹಸಿರು ಟವಲ್ ಸುತ್ತಿಕೊಂಡ ನನ್ನ ಫೋಟೊ. ನನಗೆ ಮ್ಯಾನೇಜರ್ ಆಗಬೇಕಿದ್ದವರು ಹೊಸೂರಿನ ತಮಿಳರು. "ತಿಳಿಸ್ತೀವಿ" ಅಂದರು, ಇನ್ನೂ ಫೋನ್ ಇಲ್ಲ. ಈಗ ಎಲ್ಲ ಅಳಿಸಿಬಿಡಲಾ?

ಸರ್ವರ್_ಸೋಮ:
ಅಳಿಸು ಗುರು, ಅದಕ್ಕೇನು ಕೇಳ್ತೀಯ. ಆ್ಯಕ್ಟಿವಿಟಿ ಲಾಗ್‌ಗೆ ಹೋಗಿ ವರ್ಷ ಹಾಕಿ ಹುಡುಕು, ಒಟ್ಟಿಗೆ ಆರಿಸಿ ಟ್ರ್ಯಾಶ್‌ಗೆ ಹಾಕಬಹುದು, 30 ದಿನಕ್ಕೆ ತಾನೇ ಹೋಗುತ್ತೆ. ಅಳಿಸಿದ ಮೇಲೂ ಗೂಗಲ್‌ನಲ್ಲಿ ಕಾಣ್ತಿದ್ರೆ ಹಳೇ ಮಾಹಿತಿ ತೆಗೆಸೋಕೆ ಅವರದೇ ಫಾರ್ಮ್ ಇದೆ, ಬಿಟ್ಟಿ. ಆದ್ರೆ ಯಾರಾದ್ರೂ ಸ್ಕ್ರೀನ್‌ಶಾಟ್ ಹೊಡೆದಿಟ್ಟಿದ್ರೆ ಅದು ಯಾವ ಬಟನ್‌ಗೂ ಬಗ್ಗಲ್ಲ.

ಕರಿಕೋಟು:
ಪೋಸ್ಟ್ ತೆಗೆಸೋಕೆ ಕೋರ್ಟಿಗೆ ಹೋಗಿ ಅಂತ ಯಾರಾದರೂ ತಲೆಗೆ ತುಂಬುವ ಮೊದಲೇ ಹೇಳಿಬಿಡ್ತೀನಿ. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಒಬ್ಬ ಹೆಣ್ಣುಮಗಳ ಹೆಸರು ಅಂತರ್ಜಾಲದಲ್ಲಿ ಹುಡುಕಿದರೆ ಅವಳ ಪ್ರಕರಣದ ಆದೇಶದ ಜೊತೆ ಸಿಗದ ಹಾಗೆ ನೋಡಿಕೊಳ್ಳಿ ಅಂತ ತನ್ನ ರಿಜಿಸ್ಟ್ರಿಗೆ, ಅಂದರೆ ಕೋರ್ಟಿನ ಕಚೇರಿಗೆ, ಹೇಳಿತ್ತು. ಅದು ಮದುವೆಯ ತಕರಾರು, ಅವಳ ಮಾನದ ಪ್ರಶ್ನೆ. ನೀವೇ ಹೆಸರು ಹಾಕಿ, ಫೋಟೊ ಹಾಕಿ ಬೈದದ್ದು ಬೇರೆ ಕಥೆ.

ಚಾಮುಂಡಿಪುರಂ_ಅಕ್ಕ:
ನಾನು ಮೇಜಿನ ಆ ಕಡೆ ಕೂತು ಜನರನ್ನು ತೆಗೆದುಕೊಳ್ಳುವವಳು. ಹತ್ತೊಂಬತ್ತು ವರ್ಷದ ಹುಡುಗ ಬರೆದದ್ದನ್ನು ಹಿಡಿದು ನಾನಂತೂ ಯಾರನ್ನೂ ಓಡಿಸಿಲ್ಲ. ಅವರು ಕೇಳಿದಾಗ ನೀನು ಏನಂದೆ ತಮ್ಮಾ? ಅದನ್ನು ಬರೆದೇ ಇಲ್ವಲ್ಲ.

ಮದ್ದೂರು_ವಡೆ:
ಅಕೌಂಟ್ ಹ್ಯಾಕ್ ಆಗಿತ್ತು ಅಂದುಬಿಟ್ಟೆ ಅಕ್ಕ.

ಚಾಮುಂಡಿಪುರಂ_ಅಕ್ಕ:
ಅಯ್ಯೋ. ಕೆಟ್ಟಿದ್ದು ಅಲ್ಲೇ. ಹತ್ತರಲ್ಲಿ ಎಂಟು ಜನ ಅದನ್ನೇ ಹೇಳ್ತಾರೆ, ಕೇಳಿ ಕೇಳಿ ನಮಗೆ ನಗು ಬರುತ್ತೆ. ಈಗಲೇ ಮೇಲ್ ಹಾಕು, ನಾಲ್ಕು ಸಾಲು ಸಾಕು. ನೀರಿನ ಕಥೆ ಎಳೆಯಬೇಡ, ಅದು ಸಬೂಬು ಥರ ಕೇಳಿಸುತ್ತೆ.

ಕಬ್ಬಿನಗದ್ದೆ:
ಆಲೆಮನೆ ಮುಂದೆ ಕೂತು ಓದ್ತಿದೀನಿ. ಆ ಪೋಸ್ಟಿಗೆ ನಾನೂ ಲೈಕ್ ಒತ್ತಿದ್ದೆ ಅನ್ಸುತ್ತೆ ಕಣಣ್ಣಾ. ಹೋಗಿ ತೆಗೆದು ಬರ್ತೀನಿ ಇರು.

ಮದ್ದೂರು_ವಡೆ:
ಕಳಿಸಿದೆ. "ಮೇಡಂ, ಹ್ಯಾಕ್ ಆಗಿರಲಿಲ್ಲ. ಬರೆದವನು ನಾನೇ" ಅಂತ ಶುರು ಮಾಡಿದೆ. ಇನ್ನೂ ಉತ್ತರ ಬಂದಿಲ್ಲ. ಅಪ್ಪ ಬೆಳಗ್ಗೆಯಿಂದ ಮೂರು ಸಲ ಕೇಳಿದರು, ಯಾವಾಗ ಸೇರ್ಕೋಬೇಕಂತೆ ಅಂತ.