ಚಿಕ್ಕಪ್ಪನ ವಿಡಿಯೋ ಮತ್ತು ರೀಫ್ ನಾಟ್

ಚಿಕ್ಕಪ್ಪ: ಗುಂಪಿನಲ್ಲಿ ಹಾಕಿರುವ ಈ ಗಂಟಿನ ವಿಡಿಯೋ ಎಲ್ಲರೂ ನೋಡಿ. ಎರಡು ಹಗ್ಗ ಸೇರಿಸಲು ಇದಕ್ಕಿಂತ ಸುಲಭದ ಗಂಟಿಲ್ಲ. ಎಷ್ಟು ಭಾರ ಹಾಕಿದರೂ ಬಿಚ್ಚುವುದಿಲ್ಲವಂತೆ.

ಅಕ್ಕ: ಚಿಕ್ಕಪ್ಪ, ಇದು ರೀಫ್ ನಾಟ್, ಅಂದರೆ ಎಡ ತುದಿ ಬಲದ ಮೇಲೆ, ಆಮೇಲೆ ಅದೇ ತುದಿ ಬಲದಿಂದ ಎಡದ ಮೇಲೆ ಹಾಕಿ ಕಟ್ಟುವ ಗಂಟು. ದಯವಿಟ್ಟು ಇನ್ನೆಲ್ಲೂ ಕಳಿಸಬೇಡಿ. ಒಂದೇ ಹಗ್ಗದ ಎರಡು ತುದಿ ಕಟ್ಟಲು, ಅದೂ ಬ್ಯಾಂಡೇಜ್, ಪೊಟ್ಟಣದ ಮೇಲೆ ಒತ್ತಿಕೊಂಡು ಕೂರುವ ಕಡೆ, ಇದು ಒಳ್ಳೆಯ ಗಂಟು. ಎರಡು ಹಗ್ಗ ಸೇರಿಸಿ ಭಾರ ಹಾಕಲು ಅಲ್ಲ.

ಚಿಕ್ಕಪ್ಪ: ಸ್ಕೌಟ್‌ನಲ್ಲಿ ಕಲಿಸುವುದೂ ಇದನ್ನೇ ಅಲ್ವಾ? ನಾನೇ ಜೋರಾಗಿ ಜಗ್ಗಿ ನೋಡಿದೆ, ಅಲುಗಾಡಲಿಲ್ಲ.

ಅಕ್ಕ: ನೇರವಾಗಿ ಜಗ್ಗಿದರೆ ಹಿಡಿಯುತ್ತದೆ. ಈಗ ಗಂಟಿನಿಂದ ಹೊರಗೆ ಉಳಿದ ಒಂದು ಚಿಕ್ಕ ತುದಿಯನ್ನೂ ಅದೇ ಹಗ್ಗದ ಉದ್ದ ಭಾಗವನ್ನೂ ಹಿಡಿದು ಎದುರುಬದುರು ಜಗ್ಗಿ ನೋಡಿ. ಆ ಹಗ್ಗ ನೆಟ್ಟಗಾಗುತ್ತದೆ, ಇನ್ನೊಂದು ಅದರ ಮೇಲೆ ಬರೀ ಕುಣಿಕೆಯಾಗಿ ಕೂತು ಜಾರಿಕೊಂಡು ಬರುತ್ತದೆ. ಕೆಲಸದ ನಡುವೆ ಆ ತುದಿ ಎಲ್ಲಾದರೂ ಸಿಕ್ಕಿಕೊಂಡರೂ ಇದೇ ಗತಿ. ನೈಲಾನ್ ಆದರೆ ಅಥವಾ ಒಂದು ಹಗ್ಗ ದಪ್ಪ ಇನ್ನೊಂದು ಸಣ್ಣ ಆದರೆ ಭಯ ಇನ್ನೂ ಜಾಸ್ತಿ.

ಪುಟ್ಟ: ನನ್ನ ಹತ್ತಿರ ಇರೋದೇ ಒಂದು ದಪ್ಪ, ಒಂದು ಸಣ್ಣ. ಏನು ಹಾಕಲಿ?

ಅಕ್ಕ: ಶೀಟ್ ಬೆಂಡ್ ಹಾಕು. ದಪ್ಪ ಹಗ್ಗದ ತುದಿಯನ್ನು ಮಡಚಿ ಹಿಡಿದುಕೋ. ಸಣ್ಣದನ್ನು ಆ ಮಡಿಕೆಯೊಳಗಿಂದ ಮೇಲಕ್ಕೆ ತೆಗೆದು, ದಪ್ಪ ಹಗ್ಗದ ಚಿಕ್ಕ ತುದಿಯ ಕಡೆಯಿಂದ ಹಿಂದೆ ಹೋಗಿ ಎರಡೂ ಎಳೆಗಳನ್ನು ಸುತ್ತಿಸಿ, ಮುಂದೆ ಬಂದು ತನ್ನದೇ ಎಳೆಯ ಅಡಿಯಲ್ಲಿ ತೂರಿಸು. ಮಡಿಕೆಯೊಳಗೆ ವಾಪಸ್ ಹಾಕಬೇಡ. ಎರಡು ಚಿಕ್ಕ ತುದಿಗಳೂ ಒಂದೇ ಬದಿಗೆ ಬಂದಿವೆಯಾ ನೋಡು. ಹಗ್ಗ ನುಣುಪಾಗಿದ್ದರೆ ಎರಡು ಸುತ್ತು ಹಾಕು, ತುದಿಗಳನ್ನು ಉದ್ದ ಬಿಡು.

ಚಿಕ್ಕಪ್ಪ: ಇಷ್ಟೆಲ್ಲ ಯಾಕೆ? ಸುಮ್ನೆ ಮೇಲೊಂದು ಗಂಟು ಹಾಕಿ ಬಿಗಿ ಮಾಡಿದರೆ ಆಯಿತಲ್ಲ.

ಅಕ್ಕ: ಗಂಟು ಹಾಕಿದ ಹಗ್ಗ ಮೊದಲಿನಷ್ಟು ಭಾರ ಹೊರುವುದಿಲ್ಲ. ಎಷ್ಟೋ ಗಂಟುಗಳಲ್ಲಿ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಜಾರುವ ಗಂಟೂ ಬೇಕಾ? ಶೀಟ್ ಬೆಂಡ್ ಕೂಡ ಭಾರ ಇಲ್ಲದೆ ಅಲುಗಾಡುತ್ತಿದ್ದರೆ ಸಡಿಲವಾಗುತ್ತದೆ. ಬಿಚ್ಚುವ ಅಗತ್ಯ ಇಲ್ಲದಿದ್ದರೆ, ಎರಡೂ ಒಂದೇ ದಪ್ಪ ಇದ್ದರೆ, ಡಬಲ್ ಫಿಶರ್‌ಮ್ಯಾನ್ಸ್ ಗಂಟು ಹಾಕಿ, ಅಂದರೆ ಒಂದೊಂದು ತುದಿಯನ್ನೂ ಇನ್ನೊಂದು ಹಗ್ಗಕ್ಕೆ ಎರಡು ಸುತ್ತು ಹಾಕಿ ಆ ಸುತ್ತುಗಳೊಳಗೆ ತೂರಿಸಿ ಬಿಗಿಯುವುದು. ಭಾರ ಬಿದ್ದ ಮೇಲೆ ಅದನ್ನು ಬಿಚ್ಚುವುದೇ ಕಷ್ಟ.

ಚಿಕ್ಕಪ್ಪ: ತುದಿ ಜಗ್ಗಿ ನೋಡಿದೆ. ಬಿಚ್ಚಿಹೋಯಿತು. ಆದರೆ ವಿಡಿಯೋ ತೆಗೆಯಲ್ಲ, ಪೊಟ್ಟಣ ಕಟ್ಟಲು ಬೇಕಲ್ವಾ.

ಅಕ್ಕ: ಇರಲಿ. ಕೆಳಗೆ "ಭಾರ ಎತ್ತಲು ಅಲ್ಲ" ಅಂತ ಬರೆಯಿರಿ. ಬೇರೆ ಗುಂಪಿಗೆ ಕಳಿಸಿದ್ದರೆ ಅಲ್ಲೂ ಬರೆಯಿರಿ.