ಎಡಿಎಚ್‌ಡಿ ಇದೆ ಅಂದರು, ಓದು-ಲೆಕ್ಕಕ್ಕೆ ಬೇರೆ ಟೆಸ್ಟ್ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ದಾವಣಗೆರೆ_ಹುಡುಗ
ಎಲ್ಲರಿಗೂ ನಮಸ್ಕಾರ. ನನಗೆ 32 ವಯಸ್ಸು, ಬ್ಯಾಂಕಿನಲ್ಲಿ ಕ್ಲರ್ಕ್. ಆಫೀಸರ್ ಪ್ರಮೋಷನ್ ಪರೀಕ್ಷೆಗೆ ಓದುತ್ತಿದ್ದೇನೆ. ಹೋದ ತಿಂಗಳು ಸೈಕಿಯಾಟ್ರಿಸ್ಟ್ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇದೆ ಅಂದರು, ಚಡಪಡಿಕೆ ಕಮ್ಮಿ, ಗಮನ ಜಾರುವುದು ಜಾಸ್ತಿ. ಒಂದು ಪುಟದ ಕೊನೆಗೆ ಬರುವಷ್ಟರಲ್ಲಿ ಮೇಲಿನ ಪ್ಯಾರಾ ಮರೆತಿರುತ್ತದೆ. ಲೆಕ್ಕದಲ್ಲಿ ದಾರಿ ಸರಿ ಇರುತ್ತದೆ, ನಡುವೆ ಎಲ್ಲೋ ಮೈನಸ್ ಹೋಗಿ ಪ್ಲಸ್ ಆಗಿರುತ್ತದೆ. ಮಾತ್ರೆ ಬರೆದಿದ್ದಾರೆ, ಇನ್ನೂ ಶುರು ಮಾಡಿಲ್ಲ. ಡಿಸ್ಲೆಕ್ಸಿಯಾ (ಪದ ಓದುವ ತೊಂದರೆ), ಡಿಸ್ಕ್ಯಾಲ್ಕುಲಿಯಾ (ಅಂಕಿ-ಲೆಕ್ಕದ ತೊಂದರೆ) ಟೆಸ್ಟ್ ಕೂಡ ಮಾಡಿಸು ಅಂತ ಅಕ್ಕ ಹೇಳುತ್ತಾಳೆ. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡಬೇಕಾದ ಮನೆ ನಮ್ಮದು. ನೀವೆಲ್ಲ ಏನು ಮಾಡಿದಿರಿ?

ಕೋಟೆ_ಬೀದಿ
ಮಾತ್ರೆ ಶುರು ಮಾಡಿ ಗುರು, ಉಳಿದದ್ದು ಆಮೇಲೆ. ನಾನು ಸಿಎ ಓದುವವನು. ಇಂಟರ್ ಪದೇ ಪದೇ ಹೋಗುತ್ತಿತ್ತು. ಅಕೌಂಟ್ಸ್ ಬರಲ್ಲ ಅಂತಲ್ಲ. ಪ್ರಶ್ನೆಯಲ್ಲಿ 48,600 ಇರುತ್ತದೆ, ನನ್ನ ಹಾಳೆಗೆ ಬರುವಾಗ ಅದು 46,800. ಅಲ್ಲಿಂದ ಕೆಳಗೆ ಎಲ್ಲ ಸರಿ, ಆದರೆ ಟ್ಯಾಲಿ ಆಗಲ್ಲ. ತಪ್ಪು ಹುಡುಕುತ್ತಾ ಕೂತರೆ ಮುಂದಿನ ಪ್ರಶ್ನೆಗೆ ಟೈಮೇ ಇಲ್ಲ. ಮನೆಯಲ್ಲಿ ಎಲ್ಲರೂ ಸೋಮಾರಿ ಅಂದುಕೊಂಡಿದ್ದರು.

ಖರ್ಚು ಹೇಳುತ್ತೇನೆ, ಯಾರೂ ಸರಿಯಾಗಿ ಹೇಳಲ್ಲ. ಮೊದಲ ಸಲ ಡಾಕ್ಟರ್ ಫೀಸ್ 1,500, ಆಮೇಲೆ ಪ್ರತಿ ಸಲ 1,000. ಇಸಿಜಿ ಬೇಕು ಅಂದರು, 350. ನನಗೆ ಕೊಟ್ಟ ಮಾತ್ರೆ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ (ಕಟ್ಟುನಿಟ್ಟಿನ ನಿಯಮದ) ಔಷಧಿ, ಎಲ್ಲ ಮೆಡಿಕಲ್ ಶಾಪಿನಲ್ಲೂ ಇಡಲ್ಲ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ನಮ್ಮೂರಿನಲ್ಲಿ ಒಂದು ಅಂಗಡಿಯವನು ಚೀಟಿ ನೋಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದ, ನಶೆ ಮಾಡುವವನು ಅನ್ನೋ ಹಾಗೆ. ಈಗಲೂ ಆ ಬೀದಿಯಲ್ಲಿ ಹೋಗಲ್ಲ. ಬಸ್ ಚಾರ್ಜ್ ಕೊಟ್ಟು ಬೆಂಗಳೂರಿನಿಂದಲೇ ತರುತ್ತೇನೆ.

ಹಸಿವು ಹೋಯಿತು, ಮಧ್ಯಾಹ್ನದ ಊಟ ಸೇರಲ್ಲ, ತೂಕ ಇಳಿಯಿತು. ಸಾಮಾನ್ಯ ಮಾತ್ರೆ ನಾಲ್ಕು ಗಂಟೆ ಕೆಲಸ ಮಾಡುತ್ತದೆ, ಇಳಿಯುವಾಗ ಸಿಡಿಮಿಡಿ. ಆದರೆ ಬರೆದ ಅಂಕಿ ಬರೆದ ಹಾಗೇ ಇರುತ್ತದೆ. ಒಂದು ಗ್ರೂಪ್ ಪಾಸ್ ಆಗಿದೆ. ನನಗೆ ಅಷ್ಟು ಸಾಕು.

ಎರಡು_ಮಕ್ಕಳ_ತಾಯಿ
48,600 ಹೋಗಿ 46,800 ಆಗೋದು ಗಮನದ ತೊಂದರೆ ಅಂತ ನಿಮಗೆ ಯಾರು ಹೇಳಿದರು? ಟೆಸ್ಟ್ ಮಾಡಿಸಿದ್ದೀರಾ?

ನನ್ನದು ಹೇಳುತ್ತೇನೆ. ಮಗನಿಗೆ ಟೆಸ್ಟ್ ಮಾಡಿಸುವಾಗ ನನ್ನದೂ ಬಯಲಿಗೆ ಬಂತು, ಆಗ ನನಗೆ 38. ಮೊದಲು ಎಡಿಎಚ್‌ಡಿ ಅಂದರು, ಅಟೊಮಾಕ್ಸೆಟಿನ್ ಅನ್ನೋ ಮಾತ್ರೆ ಕೊಟ್ಟರು. ಅದು ಹಿಡಿಯೋಕೆ ವಾರಗಟ್ಟಲೆ ಬೇಕು, ಅಲ್ಲಿವರೆಗೆ ಬರೀ ವಾಕರಿಕೆ, ಬಾಯಿ ಒಣಗೋದು. ಹಿಡಿದ ಮೇಲೆ ಮನೆ ಕೆಲಸ ಸಾಲಾಗಿ ಆಯಿತು, ಒಲೆ ಮೇಲೆ ಹಾಲು ಉಕ್ಕೋದು ನಿಂತಿತು. ಓದು ಮಾತ್ರ ಹಾಗೇ ಇತ್ತು. ಕೂತು ಓದುತ್ತೇನೆ, ಎದ್ದು ಹೋಗಲ್ಲ, ಆದರೂ ಸಾಲು ಮುಂದೆ ಹೋಗಲ್ಲ. ಡೋಸ್ ಏರಿಸೋಣ ಅಂತ ಆ ಡಾಕ್ಟರ್ ಏರಿಸುತ್ತಲೇ ಹೋದರು.

ಕೊನೆಗೆ ಬೇರೆ ಕಡೆ ಸೈಕಾಲಜಿಸ್ಟ್ ಹತ್ತಿರ ಹೋದೆ. ಟೆಸ್ಟಿಗೆ 9,500, ರಿಪೋರ್ಟ್ ಬರೆದುಕೊಡೋಕೆ ಮತ್ತೆ 1,500. ಅವರು ಒಂದು ಹಾಳೆ ನನ್ನ ಮುಂದೆ ಸರಿಸಿದರು. ಅರ್ಥವೇ ಇಲ್ಲದ ಪದಗಳು. ಗೊತ್ತಿರುವ ಪದವನ್ನು ನಾವು ಅಂದಾಜಿನ ಮೇಲೆ ಓದಿಬಿಡುತ್ತೇವೆ, ಇಲ್ಲಿ ಅಂದಾಜು ನಡೆಯಲ್ಲ. ಅಕ್ಷರ ಕೂಡಿಸಿ ಕೂಡಿಸಿ ಹೇಳಬೇಕು. ನಾನು ಮೂರನೇ ಪದಕ್ಕೇ ಬೆವೆತೆ. ಆಮೇಲೆ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿ ಅಂದರು, ಅದೂ ಎಡವಿದೆ. ಎರಡೂ ಇದೆ ಅಂದರು, ಡಿಸ್ಲೆಕ್ಸಿಯಾ ಬೇರೆ, ಎಡಿಎಚ್‌ಡಿ ಬೇರೆ. ಬರೀ ಎಡಿಎಚ್‌ಡಿ ಇದ್ದವರು ಸಾಮಾನ್ಯವಾಗಿ ಪದವನ್ನು ಸರಿಯಾಗೇ ಓದುತ್ತಾರೆ, ಓದಿದ್ದು ತಲೆಯಲ್ಲಿ ನಿಲ್ಲಲ್ಲ. ನನಗೆ ಪದವೇ ಕಷ್ಟ. ಮಾತ್ರೆ ನಮ್ಮನ್ನು ಪುಸ್ತಕದ ಮುಂದೆ ಕೂರಿಸುತ್ತದೆ. ಅಕ್ಷರ ಕೂಡಿಸೋದನ್ನು ಅದು ಕಲಿಸಲ್ಲ. ಇದು ಮೊದಲೇ ಗೊತ್ತಾಗಿದ್ದರೆ ಬಿಎ ಅರ್ಧಕ್ಕೆ ಬಿಡುತ್ತಿರಲಿಲ್ಲ.

ಕೋಟೆ_ಬೀದಿ
ಅಕ್ಕಾ, ನಿಮಗೆ ಆಗಿದ್ದು ಎಲ್ಲರಿಗೂ ಆಗುತ್ತದಾ? ಮಾತ್ರೆ ತಗೊಂಡ ಮೇಲೆ ನನಗೆ ಅಂಕಿ ಅದಲುಬದಲಾಗೋದು ನಿಂತಿದೆ. 11,000 ಕೊಟ್ಟು ಇನ್ನೊಂದು ಹಣೆಪಟ್ಟಿ ಯಾಕೆ ಅಂಟಿಸಿಕೊಳ್ಳಲಿ?

ಎರಡು_ಮಕ್ಕಳ_ತಾಯಿ
ಹಣೆಪಟ್ಟಿ ಅನ್ನಬೇಡಿ. ಮೂವತ್ತು ವರ್ಷ ದಡ್ಡಿ ಅನ್ನೋ ಪಟ್ಟಿ ಹೊತ್ತವಳು ನಾನು.

ಲೆಕ್ಕದ_ಮೇಷ್ಟ್ರು
ಶಿವಮೊಗ್ಗ ಕಡೆಯ ಹಳ್ಳಿ ಶಾಲೆಗಳಲ್ಲಿ ಜೀವನ ಪೂರ್ತಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು. ನನ್ನ ಹುಡುಗರು ಬೆಳಿಗ್ಗೆ ಸಾಲಾಗಿ ನಿಂತು 20ರ ತನಕ ಮಗ್ಗಿ ಹೇಳುತ್ತಿದ್ದರು. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯನ್ನೂ ಹೇಳಿಸುತ್ತಿದ್ದೆ. ಆಗ ಯಾರಿಗೂ ಈ ಕಾಯಿಲೆ ಇರಲಿಲ್ಲ. ಈಗ ಕೈಯಲ್ಲಿ ಮೊಬೈಲ್, ದಿನವಿಡೀ ರೀಲ್ಸ್. ತಮ್ಮಾ, ದಿನಾ ಬೆಳಿಗ್ಗೆ ಅರ್ಧ ಗಂಟೆ ಪೆನ್ನು ಹಿಡಿದು ಲೆಕ್ಕ ಮಾಡು, ಮಾತ್ರೆ ಬೇಡ.

ಎರಡು_ಮಕ್ಕಳ_ತಾಯಿ
ಸರ್, ನಿಮ್ಮ ಮೇಲೆ ಗೌರವ ಇದೆ, ಆದರೆ ಈ ಮಾತು ಕೇಳಿ ಸುಮ್ನೆ ಇರೋಕೆ ಆಗಲ್ಲ. ಆ ಸಾಲಿನಲ್ಲಿ ಹಿಂದೆ ನಿಂತು ಬರೀ ತುಟಿ ಅಲ್ಲಾಡಿಸುತ್ತಿದ್ದ ಹುಡುಗಿ ನಾನು. ಏಳೆಂಟು ಎಷ್ಟು ಅಂದರೆ ಕೈ ಮೇಲೆ ಬೆತ್ತ ಬೀಳುತ್ತಿತ್ತು. ಮಗ್ಗಿ ನೆನಪಿನಲ್ಲಿ ಕೂರದೇ ಇರೋದೇ ನಮ್ಮಂಥವರ ತೊಂದರೆ. ಆಗಲೂ ಇತ್ತು ಸರ್. ಅಂಥ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋದರು.

ಹಾವೇರಿ_ಮೂಲ
ರೀಲ್ಸ್‌ನಿಂದ ಬಂದದ್ದಲ್ಲ ಸರ್. ದೊಡ್ಡವರಿಗೆ ಎಡಿಎಚ್‌ಡಿ ಅನ್ನಬೇಕಾದರೆ 12 ವರ್ಷಕ್ಕೆ ಮುಂಚೆಯೇ ಲಕ್ಷಣ ಇದ್ದಿರಬೇಕು, 2013ರ ಡಿಎಸ್‌ಎಮ್-5 (ಡಾಕ್ಟರುಗಳು ಮಾನಸಿಕ ತೊಂದರೆ ಗುರುತಿಸುವ ಕೈಪಿಡಿ) ನಿಯಮ ಅದು. ನನ್ನ ತೊಂದರೆ ಇನ್ನೊಂದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಸೈನ್ಸ್ ತಗೊಂಡೆ, ಎಲ್ಲ ಇಂಗ್ಲಿಷ್. ಅಲ್ಲಿಂದ ಬಿದ್ದವಳು ಎದ್ದೇ ಇಲ್ಲ. ಎಡಿಎಚ್‌ಡಿ ಅಂತ ಗೊತ್ತಾದ ಮೇಲೆ ಬೆಂಗಳೂರಿನ ಒಂದು ಪ್ರೈವೇಟ್ ಸೆಂಟರ್‌ನಲ್ಲಿ ಓದಿನ ಟೆಸ್ಟ್ ಮಾಡಿಸಿದೆ. 14,000 ತಗೊಂಡರು. ಎಲ್ಲ ಇಂಗ್ಲಿಷ್‌ನಲ್ಲಿ! ಇಂಗ್ಲಿಷ್ ಪದ, ಇಂಗ್ಲಿಷ್ ಪ್ಯಾರಾ, ಲೆಕ್ಕ ಕೂಡ ಇಂಗ್ಲಿಷ್ ವಾಕ್ಯದಲ್ಲಿ. ಡಿಸ್ಲೆಕ್ಸಿಯಾ ಅಂತ ಬರೆದುಕೊಟ್ಟರು. ಕನ್ನಡದಲ್ಲಿ ಒಂದು ಸಾಲು ಓದಿಸಲಿಲ್ಲ.

ಕನ್ನಡದಲ್ಲಿ ಬರೆದ ಹಾಗೇ ಓದಬಹುದು. ಡಿಸ್ಲೆಕ್ಸಿಯಾ ಇದ್ದರೂ ಇಂಗ್ಲಿಷ್‌ನಷ್ಟು ತಪ್ಪು ಕಾಣಲ್ಲ, ನಿಧಾನ ಕಾಣುತ್ತದೆ, ಒತ್ತಕ್ಷರದ ಹತ್ತಿರ ತಡವರಿಕೆ ಕಾಣುತ್ತದೆ. ನಾನು ಪೇಪರ್ ಸರಾಗ ಓದುತ್ತೇನೆ, ಒತ್ತಕ್ಷರ ಬಂದರೂ ನಿಲ್ಲಲ್ಲ. ಹಾಗಾದರೆ ನನಗಿರೋದು ಡಿಸ್ಲೆಕ್ಸಿಯಾನಾ, ಇಂಗ್ಲಿಷ್ ಕಲಿಸದ ಶಾಲೆನಾ? ಆ 14,000 ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ತಿರ. ಇನ್ನೂ ಹೊಟ್ಟೆ ಉರಿಯುತ್ತದೆ.

ಜೆರ್ಸಿ_ಕನ್ನಡಿಗ
ನ್ಯೂಜೆರ್ಸಿಯಿಂದ. ಇಲ್ಲಿ ನನಗೆ 41ಕ್ಕೆ ಗೊತ್ತಾಯಿತು. ಪೂರ್ತಿ ನ್ಯೂರೋಸೈಕಾಲಜಿ ಟೆಸ್ಟ್, ಇನ್ಷೂರೆನ್ಸ್ ಕೊಡಲಿಲ್ಲ, 2,800 ಡಾಲರ್ ಕೈಯಿಂದ ಹೋಯಿತು. ಲೆಕ್ಕದ ಭಾಗ ಎರಡು ಥರ ಕೊಟ್ಟರು, ಟೈಮ್ ಇಟ್ಟು, ಇಡದೆ. ಟೈಮ್ ಇಟ್ಟಾಗ ನಾನು ಕೆಳಗಿನ ಸಾಲಿನಲ್ಲಿ, ಇಡದಿದ್ದಾಗ ಸರಾಸರಿಗಿಂತ ಮೇಲೆ. ಅದರಿಂದಲೇ ಡಿಸ್ಕ್ಯಾಲ್ಕುಲಿಯಾ ಅಲ್ಲ ಅಂದರು. ಅದು ಇದ್ದಿದ್ದರೆ 7/12 ದೊಡ್ಡದಾ 5/8 ದೊಡ್ಡದಾ ಅನ್ನೋ ಅಂದಾಜೇ ಬರುತ್ತಿರಲಿಲ್ಲವಂತೆ, ಎಷ್ಟು ಹೊತ್ತು ಕೊಟ್ಟರೂ. 2022ರ ಅಕ್ಟೋಬರ್‌ನಲ್ಲಿ ಅಡೆರಾಲ್ (ಎಡಿಎಚ್‌ಡಿ ಮಾತ್ರೆ) ಕೊರತೆ ಅಂತ ಇಲ್ಲಿಯ ಔಷಧಿ ಇಲಾಖೆ ಎಫ್‌ಡಿಎ ಹೇಳಿತಲ್ಲ, ಆಮೇಲಿನ ತಿಂಗಳುಗಳು ನರಕ. ಫಾರ್ಮಸಿ ಫಾರ್ಮಸಿಗೆ ಫೋನ್ ಮಾಡೋದೇ ಕೆಲಸ. ಆದರೂ ಇಂಡಿಯಾದಲ್ಲಿ ಇಷ್ಟು ಸರಿಯಾಗಿ ಟೆಸ್ಟ್ ಮಾಡಲ್ಲ ಬಿಡಿ.

ಹಾವೇರಿ_ಮೂಲ
ಅಲ್ಲಿ ಕೂತು ಇಲ್ಲಿಯದು ಸರಿ ಇಲ್ಲ ಅನ್ನಬೇಡಿ. ನಿಮ್ಹಾನ್ಸ್‌ನವರದೇ ಕಲಿಕೆ ತೊಂದರೆಯ (ಡಿಸ್ಲೆಕ್ಸಿಯಾ, ಡಿಸ್ಕ್ಯಾಲ್ಕುಲಿಯಾ ಥರದ್ದು) ಟೆಸ್ಟ್ ಇದೆ, ಮಕ್ಕಳ ಸರ್ಟಿಫಿಕೇಟಿಗೆ ಸರ್ಕಾರ ಅದನ್ನು ಒಪ್ಪಿದೆ. ನನ್ನ ತಕರಾರು ದುಡ್ಡು ತಗೊಂಡು ಒಂದೇ ಭಾಷೆಯಲ್ಲಿ ಟೆಸ್ಟ್ ಮಾಡಿದವರ ಮೇಲೆ.

ಲೆಕ್ಕದ_ಮೇಷ್ಟ್ರು
ಕನ್ನಡ ಮೀಡಿಯಂ ಶಾಲೆ ಇಂಗ್ಲಿಷ್ ಕಲಿಸಲಿಲ್ಲ ಅಂತ ಬರೆದಿದ್ದೀರಿ. ನಮ್ಮ ಶಾಲೆಯಲ್ಲಿ ಓದಿದವರು ಇಂಜಿನಿಯರ್ ಆಗಿದ್ದಾರೆ ತಾಯಿ. ಮೂರು ಕ್ಲಾಸಿಗೆ ಒಬ್ಬನೇ ಮೇಷ್ಟ್ರು, ಅದರಲ್ಲೂ ಕಲಿಸಿದ್ದೇವೆ.

ಹಾವೇರಿ_ಮೂಲ
ಸರ್, ನಿಮ್ಮನ್ನಲ್ಲ ಅಂದದ್ದು. ಆದರೆ ಎಸ್ಸೆಸ್ಸೆಲ್ಸಿವರೆಗೆ ಇಂಗ್ಲಿಷ್ ಅಂದರೆ ಗೈಡ್ ನೋಡಿ ಬಾಯಿಪಾಠ, ಅಷ್ಟೇ ನಮಗೆ ಸಿಕ್ಕಿದ್ದು.

ಕೋಟೆ_ಬೀದಿ
ಮೀಡಿಯಂ ಜಗಳ ಇಲ್ಲಿ ಯಾಕೆ? ದಾವಣಗೆರೆಯವರು ಪರೀಕ್ಷೆ ಬಗ್ಗೆ ಕೇಳಿದ್ದಾರೆ. ಎಕ್ಸ್‌ಟ್ರಾ ಟೈಮ್ ಆಸೆಗೆ ಟೆಸ್ಟ್ ಮಾಡಿಸೋದಾದರೆ ಒಂದು ವಿಷಯ ತಿಳ್ಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಅಂಗವೈಕಲ್ಯಗಳ ಪಟ್ಟಿ ಇದೆ. ಕಲಿಕೆ ತೊಂದರೆ ಅದರಲ್ಲಿದೆ, ಎಡಿಎಚ್‌ಡಿ ಇಲ್ಲ. ಬರೀ ಎಡಿಎಚ್‌ಡಿ ರಿಪೋರ್ಟ್ ಹಿಡಿದುಕೊಂಡು ಹೋದ ನನ್ನನ್ನು ಕೌಂಟರಿನಲ್ಲಿ ವಾಪಸ್ ಕಳಿಸಿದರು.

ಎರಡು_ಮಕ್ಕಳ_ತಾಯಿ
ನೋಡಿ, ಅದಕ್ಕೇ ಬೇರೆ ಟೆಸ್ಟ್ ಬೇಕು ಅಂದದ್ದು! ಕಲಿಕೆ ತೊಂದರೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಸಿಕ್ಕರೆ ಗಂಟೆಗೆ 20 ನಿಮಿಷ ಹೆಚ್ಚು ಕೇಳಬಹುದು. ನಿಮ್ಮದೇ ಬಾಯಲ್ಲಿ ಬಂತು.

ಕೋಟೆ_ಬೀದಿ
ಸಿಕ್ಕರೆ! ದೊಡ್ಡವರಿಗೆ ಆ ಸರ್ಟಿಫಿಕೇಟ್ ಕೊಡಿಸೋಕೆ ಎಷ್ಟು ಬಾಗಿಲು ಬಡಿಯಬೇಕು ಅಂತ ಗೊತ್ತಾ ನಿಮಗೆ? ನಿಮ್ಮ ಮಗನಿಗೆ ಸಿಕ್ಕಿದ್ದು ಶಾಲೆಯವರು ಜೊತೆಗೆ ನಿಂತದ್ದಕ್ಕೆ. ನನ್ನ ಜೊತೆ ಯಾರೂ ನಿಲ್ಲಲಿಲ್ಲ.

ಎರಡು_ಮಕ್ಕಳ_ತಾಯಿ
ಶಾಲೆಯವರು ನಿಲ್ಲಲಿಲ್ಲ. ನಾನು ನಿಂತೆ. ಗೊತ್ತಿಲ್ಲದೆ ಮಾತಾಡಬೇಡಿ.

ದಾವಣಗೆರೆ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್, ದಯವಿಟ್ಟು ಜಗಳ ಬೇಡ. ನನಗೆ ಪದ ಓದೋಕೆ ಕಷ್ಟ ಇಲ್ಲ, ಜೋರಾಗಿ ಓದಿದರೆ ಒಂದೂ ತಪ್ಪಲ್ಲ. ಭಿನ್ನರಾಶಿ ಅಂದಾಜೂ ಬರುತ್ತದೆ. ಹಾಗಾದರೆ ಮಾತ್ರೆ ತಗೊಂಡು ಎರಡು ತಿಂಗಳು ನೋಡಿ, ಆಗಲೂ ಓದಿದ್ದು ತಲೆಯಲ್ಲಿ ನಿಲ್ಲದಿದ್ದರೆ ಟೆಸ್ಟ್ ಮಾಡಿಸಿದರೆ ಆಗಲ್ವಾ? ಟೆಸ್ಟಿಗೆ ಹೋಗುವಾಗ ಏನು ಒಯ್ಯಬೇಕು?

ಹಾವೇರಿ_ಮೂಲ
ಪ್ರೈಮರಿ ಶಾಲೆಯ ಮಾರ್ಕ್ಸ್ ಕಾರ್ಡ್ ಹುಡುಕಿಡಿ, ಮೇಷ್ಟ್ರು ಷರಾ ಬರೆದದ್ದು ಇದ್ದರೆ ಇನ್ನೂ ಒಳ್ಳೆಯದು. ಅಮ್ಮನನ್ನೋ ಅಕ್ಕನನ್ನೋ ಕರಕೊಂಡು ಹೋಗಿ, ಚಿಕ್ಕಂದಿನದು ಕೇಳುತ್ತಾರೆ. ದುಡ್ಡು ಕಟ್ಟೋ ಮುಂಚೆ ಕನ್ನಡದಲ್ಲೂ ಓದಿಸುತ್ತೀರಾ ಅಂತ ಫೋನಿನಲ್ಲೇ ಕೇಳಿ. ಇಲ್ಲ ಅಂದರೆ ಅಲ್ಲಿಗೆ ಹೋಗಲೇಬೇಡಿ.

ಜೆರ್ಸಿ_ಕನ್ನಡಿಗ
ಮಾತ್ರೆ ಶುರು ಮಾಡೋ ಮುಂಚೆ ಬಿಪಿ ಬರೆದಿಟ್ಟುಕೊಳ್ಳಿ. ಟೆಸ್ಟಿನ ದಿನ ಮಾತ್ರೆ ತಗೊಂಡು ಬರಬೇಕಾ, ಬಿಟ್ಟು ಬರಬೇಕಾ ಅಂತ ಅವರನ್ನೇ ಕೇಳಿ. ನನಗೆ ಯಾರೂ ಹೇಳದೆ ಒಂದು ಬೆಳಿಗ್ಗೆ ಪೂರ್ತಿ ದಂಡ ಆಯಿತು, ಇನ್ನೊಂದು ದಿನದ ಫೀಸ್ ಮತ್ತೆ ಕಟ್ಟಿದೆ.

ಲೆಕ್ಕದ_ಮೇಷ್ಟ್ರು
ಆ ತಾಯಿಗೆ ಒಂದು ಮಾತು. ನನ್ನ ಕ್ಲಾಸಿನಲ್ಲಿ ಬೆತ್ತ ಇರಲಿಲ್ಲ.

ಎರಡು_ಮಕ್ಕಳ_ತಾಯಿ
ನಂಬುತ್ತೇನೆ ಸರ್. ನಮ್ಮೂರಿನಲ್ಲಿ ಇತ್ತು.