ಅಪ್‌ಡೇಟ್: ಮಕ್ಕಳನ್ನು ಕಾರವಾರದ ಯುದ್ಧನೌಕೆಗೆ ಕರೆದುಕೊಂಡು ಹೋಗಿ ಬಂದೆವು

ಐದು ಮತ್ತು ಒಂಬತ್ತು ವರ್ಷದ ಮಕ್ಕಳಿಗೆ ಐಎನ್‌ಎಸ್ ಚಪಲ್ (ಈಗ ವಸ್ತುಸಂಗ್ರಹಾಲಯವಾಗಿರುವ ನೌಕಾಪಡೆಯ ಹಳೆಯ ಕ್ಷಿಪಣಿ ನೌಕೆ) ಹಿಡಿಸುತ್ತದೆಯೇ ಎಂದು ಇಲ್ಲಿ ಕೇಳಿದ್ದೆ. ಹೋಗಿ ಬಂದೆವು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲೇ ಹಡಗು ನಿಂತಿದೆ. ಗಾಜಿನಾಚೆ ಇಟ್ಟ ಮಾದರಿ ಅಲ್ಲ, ನಿಜವಾದ ಹಡಗು. ಉದ್ದ ಸುಮಾರು 39 ಮೀಟರ್, ಅಷ್ಟರಲ್ಲೇ ನಾಲ್ಕು ಕ್ಷಿಪಣಿ ಹೊತ್ತು ಓಡುತ್ತಿತ್ತು! ಒಳಗೆ ನಾವಿಕರ ಬೊಂಬೆಗಳಿವೆ. ಇಷ್ಟು ಇಕ್ಕಟ್ಟಿನಲ್ಲಿ ಮಲಗುವುದು ಹೇಗೆ ಎಂದು ಮಗಳು ಕೇಳುತ್ತಲೇ ಇದ್ದಳು. ಚಿಕ್ಕವನನ್ನು ಮೆಟ್ಟಿಲಲ್ಲಿ ಕೈಹಿಡಿದೇ ಇಳಿಸಿದೆ.

ಇದು 1971ರ ಭಾರತ-ಪಾಕ್ ಯುದ್ಧದಲ್ಲಿ ಕರಾಚಿ ಮೇಲೆ ದಾಳಿ ಮಾಡಲು ಹೋದ ಹಡಗು ಎಂದು ನಮ್ಮ ಮಾವ ನಂಬಿದ್ದರು. ಅಲ್ಲ. ಸೋವಿಯತ್ ನಿರ್ಮಿತ ಚಪಲ್ ನೌಕಾಪಡೆ ಸೇರಿದ್ದು 1976ರಲ್ಲಿ, ನಿವೃತ್ತಿ 2005ರಲ್ಲಿ. ಕರಾಚಿ ದಾಳಿ ಮಾಡಿದವು ಇದೇ ಜಾತಿಯ ಹಿಂದಿನ ನೌಕೆಗಳು. ಮಕ್ಕಳಿಗೆ ಸರಿಯಾದದ್ದನ್ನೇ ಹೇಳಿ ದಯವಿಟ್ಟು.

ಪಕ್ಕದಲ್ಲಿ ನೌಕಾಪಡೆಯ ಹಳೆಯ ಗಸ್ತು ವಿಮಾನ ಟುಪೊಲೆವ್ ಟಿಯು-142 ಕೂಡ ಇದೆ. ನಾಲ್ಕು ಎಂಜಿನ್, ಪ್ರತಿಯೊಂದಕ್ಕೂ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲ್ಲರ್. ಎಣಿಸಿ ಎಂಟು ಎಂದಾಗ ಚಿಕ್ಕವನ ಮುಖ ನೋಡಬೇಕಿತ್ತು.

ಮಧ್ಯಾಹ್ನದ ಬಿಸಿಲಿಗೆ ಉಕ್ಕು ಕಾಯುತ್ತದೆ, ಸಂಜೆ ಹೋಗಿ. ಆಮೇಲೆ ಮರಳಿನಲ್ಲಿ ಆಡಿಸಬಹುದು.